ಸಹಿ ಬಲ್ಲವಳ ಹೆಬ್ಬೆಟ್ಟು

"ಸಹಿ ಒಂದು ಕಲತಿ ಅಂದ್ರ ಶಾರದವ್ವ, ಇನ್ನ ಯಾವ ಕಚೇರ್ಯಾಗೂ ನಿನಗ ಹೆಬ್ಬೆಟ್ಟು ಒತ್ತು ಅನ್ನಂಗಿಲ್ಲ. ಇದು ನನ್ನ ಮಾತು," ಎಂದು ಡಂಬಳದ ವಾಸುದೇವ ಮಾಸ್ತರರು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ವಯಸ್ಕರ ಶಾಲೆಯಲ್ಲಿ ಹೇಳಿದ್ದರು. ನಾಲ್ಕಕ್ಷರ ಕಲಿಯಲು ಅವಳಿಗೆ ಒಂದು ಮಳೆಗಾಲ ಹಿಡಿಯಿತು.

ನಾಲ್ಕು ವರ್ಷಗಳ ಮೇಲೆ, ಗದಗಿನ ಬಸ್ ಸ್ಟ್ಯಾಂಡಿನಲ್ಲಿ ಅವಳ ಆರು ವರ್ಷದ ಮಗಳು ದ್ಯಾಮಿ ತಪ್ಪಿಹೋದಳು. ಪೊಲೀಸರು ಹುಡುಗಿಯನ್ನು ಅನಾಥ ಮಕ್ಕಳ ಮನೆಗೆ ಬಿಟ್ಟಿದ್ದು ತಿಳಿಯಲು ಮೂರು ದಿನ ಬೇಕಾಯಿತು. ಶಾಲೆಯ ದಾಖಲೆಯಲ್ಲಿ ತಾಯಿಯ ಸಹಿ ಇತ್ತು. ಶಾರದವ್ವ ಅದರ ನಕಲು ಹಿಡಿದು ಓಡಿದಳು.

ಮೇಲ್ವಿಚಾರಕಿ ಕಮಲಾಬಾಯಿ ಅದನ್ನು ತಿರುಗಿಸಿಯೂ ನೋಡಲಿಲ್ಲ. "ಶಾಲಿ ಕಾಗದ ಶಾಲಿಗೆ. ನೀನ ತಾಯಿ ಅಂತ ನಮಗ ಮುಂಡರಗಿ ತಾಲೂಕು ಕಚೇರಿ ಸಿಕ್ಕಾ ಬೇಕು. ಸೋಮವಾರ ಈ ಹುಡುಗೂರನ್ನೆಲ್ಲಾ ಧಾರವಾಡದ ಮನಿಗೆ ಕಳಸ್ತೀವಿ."

ಒಳಗಿನ ಕಿಟಕಿಯಿಂದ ದ್ಯಾಮಿ "ಅವ್ವಾ" ಎಂದು ಚೀರಿದಳು.

"ನೋಡ್ರಿ ಬಾಯಾರ, ನನ್ನ ಮಗಳು ಕರ್ಯಾಕತ್ತಾಳ!"

"ಇಲ್ಲಿ ಎಲ್ಲಾ ಹುಡುಗೂರೂ ಬಂದಬಂದವರಿಗೆಲ್ಲಾ ಅವ್ವಾ ಅಂತಾವ. ಹೋದ ವರ್ಷ ಒಬ್ಬಾಕಿ ಹಿಂಗ ಅತ್ತು ಕರದು, ಮಂದಿ ಕೂಸು ಒಯ್ದಾಳ."

ಶನಿವಾರ ಮುಂಡರಗಿಯಲ್ಲಿ ಗುಮಾಸ್ತ ಮಾರ್ತಾಂಡ ತಾಯಿ ಮಗಳ ಹೆಸರಿದ್ದ ಪಡಿತರದ ಪುಸ್ತಕ ತೆರೆದ. ಅವನು ಬಾಯಿ ಬಿಡುವ ಮೊದಲೇ ಶಾರದವ್ವ, "ಪೆನ್ನು ಕೊಡ್ರಿ, ನನಗ ಸಹಿ ಬರತೈತಿ," ಎಂದು ನಾಲ್ಕಕ್ಷರ ದುಂಡಗೆ ಬರೆದಳು.

ಮಾರ್ತಾಂಡ ನಕ್ಕ. "ಭಾರಿ ಶಾಣ್ಯಾಕಿ ಆಗೀದಿ ಬಿಡವಾ. ಆದ್ರ ಪುಸ್ತಕದಾಗಿನ ಶಾರದವ್ವ ಹೆಬ್ಬೆಟ್ಟಿನಾಕಿ. ನೀ ಯಾರು?"

"ನಾನ ರೀ ಅಕಿ! ಆಗ ಬರ್ತಿದ್ದಿಲ್ಲ. ಹೆಬ್ಬೆಟ್ಟು ತಗೋರಿ, ಹತ್ತೂ ಬೆಟ್ಟು ತಗೋರಿ!" ಅವಳು ಕೈ ಚಾಚಿದಳು.

ಅವನು ಮಸಿಯ ಡಬ್ಬಿ ಮುಚ್ಚಿ ಆಚೆ ಸರಿಸಿದ. "ಸಹಿ ಬರೂವಾಕಿ ಹೆಬ್ಬೆಟ್ಟು ತಗೊಂಡ್ರ ನನ್ನ ನೌಕರಿ ಹೋಗತೈತಿ. ಪುಸ್ತಕ ತಿದ್ದಾಕ ಸಾಹೇಬರು ಬೇಕು. ಮಂಗಳವಾರ ಬಾ."

"ಸೋಮವಾರ ಒಯ್ತಾರಲ್ರಿ ಯಪ್ಪಾ!"

"ಅದು ಅವರ ವಾರ. ನಮ್ಮದು ಮಂಗಳವಾರ."

ಮಂಗಳವಾರ ಸಾಹೇಬರು ಪುಸ್ತಕ ತಿದ್ದಿ ಸಿಕ್ಕಾ ಒತ್ತಿದರು. ಬುಧವಾರ, ದ್ಯಾಮಿಯನ್ನು ಒಯ್ದಿದ್ದ ಧಾರವಾಡದ ಮನೆಯಲ್ಲಿ, ಆ ಸಿಕ್ಕಾ ಗದಗಿಗೆ ಸಾಕು, ಇಲ್ಲಿಗೆ ಕೋರ್ಟಿನ ಹುಕುಂ ಬೇಕು ಎಂದರು. ಹುಕುಂ ಬರಲು ಏಳು ತಿಂಗಳಾಯಿತು. ಅಷ್ಟರೊಳಗೆ ದ್ಯಾಮಿಯನ್ನು ಮಕ್ಕಳಿಲ್ಲದ ದಂಪತಿಗೆ ಕೊಟ್ಟುಬಿಟ್ಟಿದ್ದರು. ಅವರ ಹೆಸರು, ಊರು ಹೇಳಲು ನಿಯಮವಿರಲಿಲ್ಲ. ಹುಡುಗಿ ಈಗ ಇಲ್ಲಿಲ್ಲ ಎಂಬ ತಿಳುವಳಿಕೆ ಪತ್ರದ ಕೆಳಗೆ ಶಾರದವ್ವ ಸಹಿ ಮಾಡಿದಳು.

ಹೆಬ್ಬೆಟ್ಟು ಒತ್ತು ಎಂದು ಯಾವ ಕಚೇರಿಯವರೂ ಹೇಳಲಿಲ್ಲ. ಮಾಸ್ತರರ ಮಾತು ನಡೆಯಿತು.