ಕುಗ್ಗಿಸಿದ ಎಕ್ಸ್-ರೇ

ನಮ್ಮ ಆಸ್ಪತ್ರೆಯ ಸಿಸ್ಟರ್‌ಗೆ ನಾವಿಟ್ಟ ಹೆಸರು ಜಿಪುಣಿ. ಪ್ರೀತಿಯಿಂದಲೇ ಇಟ್ಟದ್ದು. ಇಲ್ಲಿ ಎಕ್ಸ್-ರೇ ಯಂತ್ರವಿದೆ, ಡಾಕ್ಟರಿಲ್ಲ. ಅವರು ಕೂರುವುದು ಗುಡ್ಡದಾಚೆಯ ಪಟ್ಟಣದಲ್ಲಿ. ತೆಗೆದ ಚಿತ್ರ ಇಂಟರ್‌ನೆಟ್‌ನಲ್ಲಿ ಅವರಿಗೆ ಹೋಗಬೇಕು. ನಮ್ಮ ಕಡೆ ಇರುವುದು ಒಂದೇ ಕಂಪನಿಯ ಟವರ್. ಪಟ್ಟಣದವರ ನಾಲ್ಕು ಪಟ್ಟು ಕೊಟ್ಟರೂ ಸಿಗುವ ಡೇಟಾ ಮೂಗಿಗೆ ತುಪ್ಪ ಸವರಿದಷ್ಟು. ಆಸ್ಪತ್ರೆಗೆ ರೀಚಾರ್ಜಿನ ದುಡ್ಡು ಬರುವುದೂ ತಿಂಗಳಿಗೆ ಒಂದೇ ಸಲ. ಕಂಪನಿಗೆ ಫೋನ್ ಮಾಡಿದರೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಬ್ಬಳು ಉಲಿಯುತ್ತಾಳೆ. ಅಮೂಲ್ಯವಂತೆ!

ಹಾಗಾಗಿ ಸಿಸ್ಟರ್ ಪ್ರತಿ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಕುಗ್ಗಿಸಿ ಕಳಿಸುತ್ತಿದ್ದಳು. ತಿಂಗಳ ಕೊನೆಯವರೆಗೂ ಎಲ್ಲರಿಗೂ ಆಗಬೇಕಲ್ಲ. ಮುರಿದ ಕೈ, ಉಳುಕಿದ ಕಾಲು ಎಲ್ಲಾ ಹಾಗೇ ನಡೆದುಹೋದವು.

"ನಮ್ಮ ಸಿಸ್ಟರ್ ಆನೇನೂ ಬೆಂಕಿಪೊಟ್ಟಣದಲ್ಲಿ ಕಳಿಸ್ತಾರೆ" ಎಂದು ನನ್ನ ತಮ್ಮ ನಗುತ್ತಿದ್ದ.

ತಮ್ಮ ಕಲ್ಲು ಕ್ವಾರಿಯಲ್ಲಿ ಡ್ರಿಲ್ ಹಿಡಿಯುವವನು. ಕೆಮ್ಮು ಬಿಡದೆ ಕಾಡಿದಾಗ ಅವನ ಎದೆಯ ಚಿತ್ರವೂ ಕುಗ್ಗಿಯೇ ಹೋಯಿತು. ಕಫ ಕಟ್ಟಿದೆ, ಮಾತ್ರೆ ಕೊಡಿ ಎಂದು ಉತ್ತರ ಬಂತು. ನುಂಗಿದ. ಮಳೆಗಾಲ ಕಳೆಯುವ ಹೊತ್ತಿಗೆ ರಕ್ತ ಕಾರತೊಡಗಿದ. ಪಟ್ಟಣಕ್ಕೆ ಕರೆದೊಯ್ದೆವು. ಸಿಸ್ಟರ್ ಹಳೆಯ ಚಿತ್ರವನ್ನು ಕುಗ್ಗಿಸದೆ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದಳು. ಡಾಕ್ಟರ್ ಪರದೆಯ ಮೇಲೆ ಬೆರಳಿಟ್ಟರು.

"ಇಲ್ನೋಡಿ, ಗಡ್ಡೆ ಆಗ್ಲೇ ಇದೆ. ನನಗೆ ಬಂದಿದ್ರಲ್ಲಿ ಎಲ್ಲಾ ಮಸುಕಾಗಿತ್ತು. ಆಗ್ಲೇ ಗೊತ್ತಾಗಿದ್ರೆ ಆಪರೇಷನ್ ಮಾಡಬಹುದಿತ್ತಮ್ಮ."

ತಮ್ಮ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ಸಿಸ್ಟರ್ ನಮ್ಮ ಹೊಸ್ತಿಲಾಚೆಯೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಜುಟ್ಟು ಹಿಡಿದು ಬೀದಿಗೆಳೆಯಬೇಕು ಅನ್ನಿಸಿತು ನನಗೆ. ಆದರೆ ಜಿಪುಣಿ ಎಂದು ಬೆನ್ನು ತಟ್ಟಿದವರು ನಾವೇ ತಾನೆ? ಕಂಪನಿಗಾದರೆ ಹಿಡಿಯಲು ಜುಟ್ಟೂ ಇಲ್ಲ. ಸಿಟ್ಟು ಹೊಟ್ಟೆಯಲ್ಲೇ ಉಳಿಯಿತು.

ಈಗ ಅವಳು ಯಾವ ಚಿತ್ರವನ್ನೂ ಕುಗ್ಗಿಸುವುದಿಲ್ಲ. ಅರ್ಧ ತಿಂಗಳಿಗೇ ಡೇಟಾ ಖಾಲಿ. ಮಿಕ್ಕವರು ಮುಂದಿನ ತಿಂಗಳಿಗೆ ಕಾಯಬೇಕು.

ನಿನ್ನೆ ತಮ್ಮನ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಅದೇ ಕ್ವಾರಿಯಲ್ಲಿ ಜಲ್ಲಿ ಹೊರುವವಳು. ಅವಳಿಗೂ ಕೆಮ್ಮು ಹಿಡಿದಿದೆ. ಎದೆಯ ಎಕ್ಸ್-ರೇ ಆಯಿತು. ಅವಳಿಗಿಂತ ಮೊದಲು ಎಕ್ಸ್-ರೇ ಮುಗಿಸಿದ್ದ ತಾಯಿಯೊಬ್ಬಳು ಪಕ್ಕದಲ್ಲೇ ನಿಂತಿದ್ದಳು, ತೋಳಿನಲ್ಲಿ ಏದುಸಿರು ಬಿಡುವ ಮಗು. ಸಿಸ್ಟರ್ ತಲೆ ಎತ್ತಲಿಲ್ಲ.

"ಅಕ್ಕ, ಡೇಟಾ ಮುಗೀತಾ ಬಂತು. ದೊಡ್ಡದಾಗಿ ಒಂದೇ ಹೋಗೋದು."

ತಮ್ಮನ ಹೆಂಡತಿ ಮಗುವಿನ ಕಡೆ ನೋಡಿದಳು.

"ಮಗೂದು ದೊಡ್ಡದಾಗಿ ಕಳಿಸಿ ಸಿಸ್ಟರ್. ನಂದು ಚಿಕ್ಕದೇ ಇರ್ಲಿ."

ಸಿಸ್ಟರ್ ಮೌಸಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು. ಆ ತಾಯಿಯೂ ನೋಡಿದಳು. ಬೇಡ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ.