ಹನ್ನೊಂದೋ ಹನ್ನೆರಡೋ

"ತಲೆ ಕಡೆ ಸ್ವಲ್ಪ ಎತ್ರಪ್ಪ, ಗೋಡೆಗೆ ತಾಗ್ತಿದೆ," ಎಂದ ಡ್ರೈವರ್.

ಮೂರನೇ ಮಹಡಿಯಿಂದ ಹೆಣ ಇಳಿಸುತ್ತಿದ್ದವರು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆ ಕಟ್ಟಡ ಕಟ್ಟಿದ ಪುಣ್ಯಾತ್ಮನಿಗೆ ಜನ ನಡೆದು ಹತ್ತುವುದಷ್ಟೇ ನೆನಪಿತ್ತು, ಮಲಗಿ ಇಳಿಯುವುದು ಮರೆತುಹೋಗಿತ್ತು. ಸ್ಟ್ರೆಚರನ್ನು ಓರೆ ಮಾಡಿದರು, ಹಿಂದಕ್ಕೆಳೆದರು, ಮತ್ತೆ ಓರೆ ಮಾಡಿದರು. ಕೆಳಗಿನಿಂದ ಏದುಸಿರು ಬಿಡುತ್ತ ಹತ್ತಿ ಬಂದ ಔಷಧಿ ಅಂಗಡಿಯವಳು ಗೋಡೆಗೆ ಒತ್ತಿಕೊಂಡು ನಿಂತಳು. ಹೊದಿಕೆ ಸರಿದು ಮುಖ ಕಂಡಿತು. ಅಗಲ ಹಣೆ, ನಾಲ್ಕು ದಿನದ ಬಿಳಿ ಗಡ್ಡ, ಒಂದು ಕಿವಿ ಇನ್ನೊಂದಕ್ಕಿಂತ ದೊಡ್ಡದು.

ಹದಿಮೂರು ವರ್ಷ ಜೊತೆಗೆ ಬರೆದು, ಅದರಲ್ಲಿ ಒಂಬತ್ತು ವರ್ಷ ಜಗಳವೂ ಆಡಿದ ಮನುಷ್ಯನ ಮುಖವನ್ನು ಅವಳು ಮೊದಲ ಸಲ ನೋಡಿದ್ದು ಹೀಗೆ. ಅವಳು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಮುಖ ಬೇರೆಯೇ ಇತ್ತು, ಮೀಸೆಯೂ ಇತ್ತು.

"ಯಾರಮ್ಮ ನೀವು? ಡಿಪೋ ಕಡೆಯೋರಾ?" ಎಂದು ಡ್ರೈವರ್ ಕೇಳಿದ. ಸತ್ತವನಿದ್ದ ಡಿಪೋದಲ್ಲೇ ಮೂವತ್ತು ವರ್ಷ ಬಸ್ ಓಡಿಸಿದವನು ಅವನು.

"ಅಲ್ಲ. ಅವರ ಜೊತೆ ಬರೀತಿದ್ದೆ. ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ."

"ಓಹೋ, ಆ ಹುಚ್ಚಿನ ಕಡೆಯೋರು. ಸರಿ, ಸುಮ್ನೆ ನಿಂತ್ಕೋಬೇಡಿ, ಕಾಲಿನ ಕಡೆ ಒಂದು ಕೈ ಹಾಕಿ."

ಅವಳು ಕೈಚೀಲವನ್ನು ಹೆಗಲಿಗೇರಿಸಿ ಕಾಲಿನ ಕಡೆ ಹಿಡಿದಳು. ಹೆಣ ತಿರುವು ದಾಟಿತು.

*

ಆ ವಿಶ್ವಕೋಶವೆಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರಿಗೂ ಸಂಬಳವಿಲ್ಲದ ಕೆಲಸ. ಬಿಟ್ಟಿ ಕೆಲಸದಲ್ಲಿ ಹುಟ್ಟುವಷ್ಟು ಜಗಳ ಸಂಬಳದ ಕೆಲಸದಲ್ಲಿ ಹುಟ್ಟುವುದಿಲ್ಲ, ಅದು ಲೋಕಕ್ಕೇ ಗೊತ್ತು. ಅವಳು ಅಲ್ಲಿ ಇಟ್ಟುಕೊಂಡ ಹೆಸರು ತಕ್ಕಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೌಂಟರಿನ ಹಿಂದೆ ಕೂತು ಬರೆಯುತ್ತಿದ್ದಳು. ಅವನು ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು, ಅದನ್ನೇ ಹೆಸರಾಗಿ ಇಟ್ಟುಕೊಂಡಿದ್ದ.

ಮೊದಲ ವರ್ಷಗಳಲ್ಲಿ ಇಬ್ಬರೂ ಹಾಲು ಸಕ್ಕರೆಯಂತಿದ್ದರು. ಸೇತುವೆಗಳು, ಹಳೆಯ ಯಂತ್ರಗಳು, ಮೂತ್ರಪಿಂಡ, ಬಾವಲಿ, ಹೀಗೆ ನಾನ್ನೂರು ಲೇಖನಗಳನ್ನು ಸೇರಿ ಬರೆದರು. ಅವಳ ತಾಯಿ ಆಸ್ಪತ್ರೆಯಲ್ಲಿದ್ದ ಆರು ವಾರ ಅವಳ ಪುಟಗಳನ್ನೆಲ್ಲ ಅವನೇ ಕಾದ. ಕಿಡಿಗೇಡಿಗಳು ಬಂದು ಬೈಗುಳ ಗೀಚಿದರೆ ಎರಡೇ ನಿಮಿಷಕ್ಕೆ ಒರೆಸಿಹಾಕುತ್ತಿದ್ದ. "ನೀವು ಅಮ್ಮನ್ನ ನೋಡ್ಕೊಳ್ಳಿ, ಮೂತ್ರಪಿಂಡ ನಾನು ನೋಡ್ಕೋತೀನಿ" ಎಂದು ಬರೆದಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಅದನ್ನು ಓದಿ ಅವಳು ಒಬ್ಬಳೇ ನಕ್ಕಿದ್ದಳು.

ನಿಯಮಗಳನ್ನೂ ಇಬ್ಬರೂ ಸೇರಿಯೇ ಬರೆದರು. ಒಬ್ಬ ಶ್ರೀಮಂತ ತನ್ನ ತಾತನೇ ಸೇತುವೆ ಕಟ್ಟಿಸಿದನೆಂದು ಪತ್ರಿಕೆಯಲ್ಲಿ ತಾನೇ ಪ್ರಕಟಣೆ ಹಾಕಿಸಿ, ಅದನ್ನೇ ಪುರಾವೆಯೆಂದು ಹೊತ್ತು ತಂದಿದ್ದ. ಆವತ್ತೇ ನಿಯಮವಾಯಿತು: ಮನೆಯವರು ಹಾಕಿಸಿದ ಪ್ರಕಟಣೆ ಪುರಾವೆಯಲ್ಲ. ಬರೆದವಳು ತಕ್ಕಡಿ. ಮೊದಲು ಒಪ್ಪಿ ಮತ ಹಾಕಿದವನು ಟೈಮ್‌ಕೀಪರ್.

ಜಗಳ ಹತ್ತಿದ್ದು ನೂಲಿನ ಗಿರಣಿಯ ಪುಟದಲ್ಲಿ. ಗಿರಣಿಗೆ ಬೆಂಕಿ ಬಿದ್ದು ಈಗ ಐವತ್ತೆಂಟು ವರ್ಷ. ಸತ್ತವರು ಹನ್ನೊಂದು ಜನ ಎಂದು ಸರ್ಕಾರಿ ವರದಿ ಹೇಳುತ್ತದೆ, ಅಂದಿನ ಪತ್ರಿಕೆಗಳೂ ಹೇಳುತ್ತವೆ. ಟೈಮ್‌ಕೀಪರ್ ಅದನ್ನು ಹನ್ನೆರಡು ಎಂದು ತಿದ್ದಿ, ಪಟ್ಟಿಯ ಕೊನೆಗೆ ಹದಿನಾರು ವರ್ಷದ ಹುಡುಗಿಯೊಬ್ಬಳ ಹೆಸರು ಸೇರಿಸಿದ. ತಕ್ಕಡಿ ತೆಗೆದುಹಾಕಿ, ಪುರಾವೆ ಎಲ್ಲಿ ಎಂದು ಕೇಳಿದಳು.

ಅವನು ಬರೆದ: "ಅವಳು ನನ್ನ ಅಕ್ಕ. ಪಕ್ಕದ ಮನೆಯವಳಿಗೆ ಜ್ವರ ಬಂದಿತ್ತು. ಅವಳ ಹಾಜರಿ ಕಾರ್ಡು ಹಿಡಿದುಕೊಂಡು ಅಕ್ಕ ಬದಲಿ ಹೋದಳು. ಮೊದಲು ಹನ್ನೆರಡು ಎಂದೇ ಬರೆದಿದ್ದರು. ಮಾರನೇ ದಿನ ಕಾರ್ಡಿನವಳು ನಡೆದುಕೊಂಡು ಬಂದು ನಿಂತಳು. ಬದುಕಿದ್ದಾಳೆ ಎಂದು ಒಂದನ್ನು ಹೊಡೆದುಹಾಕಿದರು. ಅಕ್ಕನ ಹೆಸರಿನಲ್ಲಿ ಕಾರ್ಡೇ ಇರಲಿಲ್ಲ, ಆದ್ದರಿಂದ ಅವಳು ಸಾಯಲೂ ಇಲ್ಲ. ನನಗೆ ಆಗ ಒಂಬತ್ತು ವರ್ಷ. ಮನೆಗೆ ತಂದದ್ದು ನೋಡಿದ್ದೇನೆ."

ಅವಳು ಅದನ್ನು ನಂಬಿದಳು. ಕಷ್ಟವಾದದ್ದು ಅದೇ. ನಂಬಿಯೂ ತೆಗೆದಳು. ನನ್ನ ನಂಬಿಕೆ ಪುರಾವೆಯಲ್ಲ, ಎಲ್ಲಾದರೂ ಅಚ್ಚಾಗಿದ್ದರೆ ತನ್ನಿ ಎಂದು ಬರೆದಳು. ಅವನು ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿದ, ಏನೂ ಸಿಗಲಿಲ್ಲ. ಆಮೇಲೆ ಒಂಬತ್ತು ವರ್ಷ, ಬೆಂಕಿ ಬಿದ್ದ ತಿಂಗಳು ಬಂತೆಂದರೆ ಅವನು ಸೇರಿಸುವುದು, ಅವಳು ತೆಗೆಯುವುದು. ಮಿಕ್ಕ ಹನ್ನೊಂದು ತಿಂಗಳು ಇಬ್ಬರೂ ಏನೂ ಆಗಿಲ್ಲವೆಂಬಂತೆ ಬಾವಲಿಯ ಪುಟ ತಿದ್ದುತ್ತಿದ್ದರು.

*

ವ್ಯಾನಿನಲ್ಲಿ ಹೆಣದ ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ಡ್ರೈವರ್ ಮತ್ತು ಔಷಧಿ ಅಂಗಡಿಯವಳು ಕೂತರು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಪ್ಪ ತೀರಿಕೊಂಡ ಸುದ್ದಿಯನ್ನು ಮನೆಯ ವಿಳಾಸದೊಂದಿಗೆ ನಿನ್ನೆ ಅವನ ಲ್ಯಾಪ್‌ಟಾಪಿನಿಂದಲೇ, ವಿಶ್ವಕೋಶದಲ್ಲಿ ಅವನ ಚರ್ಚೆಯ ಪುಟಕ್ಕೆ ಹಾಕಿದವಳೂ ಅವಳೇ.

"ನೀವೊಬ್ರೇ ಬಂದಿದ್ದು ನೋಡಿ," ಎಂದಳು. "ಅಷ್ಟೊಂದು ಜನ ಬರೀತಾರಂತೆ."

"ಎಲ್ಲ ದೂರ ದೂರ ಇರೋರು," ಎಂದಳು ಔಷಧಿ ಅಂಗಡಿಯವಳು. ಅವಳ ಬಾಯಿ ಒಣಗಿತ್ತು.

"ನಾಲ್ಕು ದಿನದಿಂದ ಸರಿಯಾಗಿ ಊಟಾನೇ ಮಾಡಿರಲಿಲ್ಲ ಅಪ್ಪ. ಲ್ಯಾಪ್‌ಟಾಪ್ ಮುಂದೆ ಸುಮ್ನೆ ಕೂತಿರೋರು. ಬರೆಯೋಕೆ ಬಿಡಲ್ವಲ್ಲ, ಮುಚ್ಚಿಡಿ ಅಂದ್ರೆ, ಓದೋಕೆ ಯಾರೂ ಬೇಡ ಅಂದಿಲ್ಲ ಅನ್ನೋರು."

"ಯಾವನೋ ಬಾಗಿಲು ಹಾಕಿದ್ನಂತೆ ಇವನಿಗೆ," ಎಂದ ಡ್ರೈವರ್. "ತಕ್ಕಡಿ ಅಂತ. ಆ ಮನೆಹಾಳನ ಹೆಸರು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ನಿಮಗೆ ಗೊತ್ತೇನಮ್ಮ ಅವನು?"

"ಗೊತ್ತು."

"ಎಂಥ ಮನುಷ್ಯ?"

"ಮೊಂಡು."

"ಇವನಿಗೆ ಸರಿಯಾದ ಜೋಡಿ ಬಿಡಿ."

"ಬೈಬೇಡಿ ಮಾಮ," ಎಂದಳು ಮಗಳು. "ಜಗಳ ಆಡೋಕಾದ್ರೂ ಒಬ್ರಿದ್ರಲ್ಲ. ಅಮ್ಮ ಹೋದ ಮೇಲೆ ಅಪ್ಪ ದಿನಾ ಮಾತಾಡ್ತಿದ್ದಿದ್ದು ಅವರೊಬ್ಬರ ಹತ್ರಾನೇ."

ಡ್ರೈವರ್ ಜೇಬಿನಿಂದ ಮಡಿಸಿದ ಪತ್ರಿಕೆ ತೆಗೆದು ಒಂಬತ್ತನೇ ಪುಟ ಬಿಡಿಸಿದ. "ನೋಡಿ ಇಲ್ಲಿ, ಸತ್ತಿರೋನು ಇವನು. ಇವನ ಬಗ್ಗೆ ಒಂದೇ ಸಾಲು. ಮಿಕ್ಕಿದ್ದೆಲ್ಲ ಅಕ್ಕನ ಬಗ್ಗೆ."

ಅವಳು ಇಸಕೊಂಡು ಓದಿದಳು. ನಿವೃತ್ತ ಟೈಮ್‌ಕೀಪರ್, ಅರವತ್ತೇಳು ವರ್ಷ, ನಿಧನರಾದರು. ಇವರು ನೂಲಿನ ಗಿರಣಿಯ ಬೆಂಕಿಯಲ್ಲಿ, ಎರಡನೇ ಪಾಳಿಯಲ್ಲಿ, ಎಪ್ಪತ್ತಾರನೇ ನಂಬರಿನ ಕಾರ್ಡಿನ ಮೇಲೆ ಬದಲಿ ದುಡಿಯುತ್ತಿದ್ದಾಗ ತೀರಿಕೊಂಡ ಹನ್ನೆರಡನೆಯವಳ ತಮ್ಮ. ಅದರ ಕೆಳಗೆ ಅಕ್ಕನ ಹೆಸರು, ವಯಸ್ಸು, ತಾರೀಕು.

"ಎರಡು ವರ್ಷದ ಹಿಂದೇನೇ ಬರೆದು ಕೊಟ್ಟಿದ್ರು," ಎಂದಳು ಮಗಳು. "ಒಂದಕ್ಷರ ಬದಲಾಯಿಸಬೇಡ, ನನ್ನ ವಯಸ್ಸು ಮಾತ್ರ ತುಂಬು ಅಂದಿದ್ರು. ಯಾಕೆ ಅಂತ ನಂಗೂ ಗೊತ್ತಿಲ್ಲ."

ಔಷಧಿ ಅಂಗಡಿಯವಳಿಗೆ ಗೊತ್ತಾಯಿತು. ಅಚ್ಚಾದದ್ದು ತನ್ನಿ ಎಂದಿದ್ದಳಲ್ಲ, ತಂದಿದ್ದ. ಎಲ್ಲೂ ಸಿಗದ ಪುರಾವೆಯನ್ನು ತನ್ನ ಸಾವಿನಿಂದಲೇ ಹುಟ್ಟಿಸಿದ್ದ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದಕ್ಕೆ ಇನ್ನೇನು ಬೇಕು? ಇದು ನಿಲ್ಲುವುದಿಲ್ಲವೆಂದೂ ಅವನಿಗೆ ಗೊತ್ತಿತ್ತು. ಆ ನಿಯಮಕ್ಕೆ ಮೊದಲ ಮತ ಅವನದೇ. ಅವಳು ಪತ್ರಿಕೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಡ್ರೈವರನ ಕೈಗೆ ಕೊಟ್ಟಳು. ವ್ಯಾನು ಹಳ್ಳಕ್ಕೆ ಇಳಿದು ಎದ್ದಿತು.

*

ಈ ವರ್ಷ ಅವನು ಎಂದಿನಂತೆ ಒಂದು ಸಲ ಸೇರಿಸಿ ಸುಮ್ಮನಾಗಲಿಲ್ಲ. ಒಂದೇ ದಿನ ನಾಲ್ಕು ಸಲ ಸೇರಿಸಿದ. ಪುರಾವೆಯಿಲ್ಲದ ಒಂದೇ ಸಾಲನ್ನು ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ಸೇರಿಸಿದರೆ ಯಾರೇ ಆಗಲಿ ಒಂದು ವಾರ ಬರೆಯುವಂತಿಲ್ಲ. ಬಾಗಿಲು ಹಾಕುವ ಅಧಿಕಾರ ಇದ್ದದ್ದು ಇಬ್ಬರಿಗೆ, ಅವಳಿಗೆ ಮತ್ತು ಚುಕ್ಕಿ ಎಂಬ ಹೆಸರಿನವರಿಗೆ.

ಅಂಗಡಿಯಲ್ಲಿ ಕೆಮ್ಮಿನ ಔಷಧಿಗೆ ಬಂದವಳೊಬ್ಬಳು ಕಾಯುತ್ತಿದ್ದಳು. ಚುಕ್ಕಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ತನ್ನವನೆಂದು ಬಿಟ್ಟಳು ಎಂದು ನಾಳೆ ಯಾರೂ ಆಡಿಕೊಳ್ಳಬಾರದಲ್ಲ. ಗುಂಡಿ ಒತ್ತಿದಳು. ಕಾರಣದ ಜಾಗದಲ್ಲಿ "ಏಳು ದಿನ. ನಿಯಮ ಎಲ್ಲರಿಗೂ ಒಂದೇ" ಎಂದು ಬರೆದು ಎದ್ದು ಹೋಗಿ ಬಾಟಲಿ ಕೊಟ್ಟಳು.

ತನ್ನ ಚರ್ಚೆಯ ಪುಟದಲ್ಲಿ ಮಾತ್ರ ಅವನು ಬರೆಯಬಹುದಿತ್ತು. ಅಲ್ಲಿ ಒಂದೇ ಸಾಲು ಬರೆದ: "ಡಾಕ್ಟರು ನನಗೂ ಹೆಚ್ಚು ದಿನ ಕೊಟ್ಟಿಲ್ಲ, ಅದಕ್ಕೇ ಅವಸರ ಮಾಡಿದೆ." ಕರುಣೆ ಗಿಟ್ಟಿಸಲು ಹೀಗೆ ಬರೆಯುವವರನ್ನು ಅವಳು ಎಷ್ಟು ಜನರನ್ನು ನೋಡಿರಲಿಲ್ಲ? ಉತ್ತರ ಕೊಡಲಿಲ್ಲ. ಅದರ ಕೆಳಗಿನ ಸಾಲು ಮಗಳು ಬರೆದದ್ದು.

*

ವಿದ್ಯುತ್ ಚಿತಾಗಾರದಲ್ಲಿ ಅವರಿಗೆ ಸಿಕ್ಕ ನಂಬರು ನಾಲ್ಕು. ಮೂರನೆಯದು ಒಳಗಿತ್ತು, ಐದನೆಯದರ ಕಡೆಯವರು ಗೇಟಿನ ಬಳಿ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದರು. ಸಿಮೆಂಟಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತು ಔಷಧಿ ಅಂಗಡಿಯವಳು ಹೇಳಿದಳು.

"ತಕ್ಕಡಿ ನಾನೇ."

ಮಗಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಡ್ರೈವರ್ ಟೀ ಲೋಟ ಹಿಡಿದು ಅಲ್ಲೇ ನಿಂತ.

"ನಾವು ಗಂಡಸು ಅಂದ್ಕೊಂಡಿದ್ವಿ," ಎಂದಳು ಮಗಳು ಕೊನೆಗೆ.

"ಕಾಯಿಲೆ ವಿಷಯ ಬರೆದಿದ್ರು. ನಾನು ನಂಬಲಿಲ್ಲ. ತಪ್ಪಾಯ್ತು."

ಮಗಳು ಅವಳ ಕಡೆ ತಿರುಗಿ ಕೂತಳು. "ಅತ್ತೆ ಹೆಸರು ಇಷ್ಟು ವರ್ಷ ಯಾಕೆ ಉಳಿಯೋಕೆ ಬಿಡಲಿಲ್ಲ?" ಎಂದು ಕೇಳಿದಳು.

"ಪುರಾವೆ ಇಲ್ಲದ್ದು ಒಂದು ಬಿಟ್ರೆ ಅದರ ಹಿಂದೆ ನೂರು ಸುಳ್ಳು ಬರುತ್ತೆ."

"ಅತ್ತೆ ಸುಳ್ಳಾ?"

"ಅಲ್ಲ."

"ಈಗ ಪೇಪರಲ್ಲಿ ಬಂದಿದೆಯಲ್ಲ. ಈಗಲಾದ್ರೂ ಹಾಕ್ತೀರಾ?"

"ಹಾಕಿದ್ರೂ ನಿಲ್ಲಲ್ಲ ಕಣಮ್ಮ. ಬೇರೆಯವರು ತೆಗೀತಾರೆ. ತೆಗೀಬೇಕು ಕೂಡ."

"ನಿಲ್ಲುತ್ತಾ ಅಂತ ನಾನು ಕೇಳಲಿಲ್ಲ," ಎಂದಳು ಮಗಳು.

ಔಷಧಿ ಅಂಗಡಿಯವಳು ಎದ್ದು ಗೋಡೆಯ ಬಳಿ ಹೋದಳು. ಫೋನು ತೆಗೆದು ಗಿರಣಿಯ ಪುಟ ತೆರೆದಳು. ಹನ್ನೊಂದನ್ನು ಹನ್ನೆರಡು ಮಾಡಿ, ಪಟ್ಟಿಯ ಕೊನೆಗೆ ಆ ಹೆಸರು ಬರೆದಳು. ತೆಗೆದು ತೆಗೆದು ಅದರ ಪ್ರತಿ ಅಕ್ಷರವೂ ಅವಳಿಗೆ ಬಾಯಿಪಾಠವಾಗಿತ್ತು. ಕಾರಣ: ಪತ್ರಿಕೆ, ಇಂದು, ಪುಟ ಒಂಬತ್ತು.

ನಾಲ್ಕು ನಿಮಿಷಕ್ಕೆ ಚುಕ್ಕಿ ತೆಗೆದುಹಾಕಿತ್ತು. "ಮನೆಯವರ ಪ್ರಕಟಣೆ ಪುರಾವೆಯಲ್ಲ. ಇದನ್ನು ನಿಮಗೆ ನಾನು ಹೇಳಬೇಕೆ?"

ಚುಕ್ಕಿಗೆ ಕೆಲಸ ಕಲಿಸಿದವಳು ಅವಳೇ. ಪಾಠ ಚೆನ್ನಾಗಿ ತಲೆಗೆ ಹತ್ತಿತ್ತು.

ಮತ್ತೆ ಬರೆದಳು. ಕಾರಣ: ಪ್ರಕಟಣೆ ಬರೆದವರು ತೀರಿಕೊಂಡಿದ್ದಾರೆ. "ತುಂಬಾ ಬೇಸರವಾಯಿತು," ಎಂದು ಬರೆದು ಚುಕ್ಕಿ ಮತ್ತೆ ತೆಗೆಯಿತು. "ಆದರೆ ಅದು ಕಾರಣವಲ್ಲ." ಮೂರನೇ ಸಲ ಅವಳು ಕಾರಣ ಬರೆಯಲಿಲ್ಲ. ಅದನ್ನೂ ತೆಗೆದು ಚುಕ್ಕಿ ಬರೆಯಿತು: "ದಯವಿಟ್ಟು ನಿಲ್ಲಿಸಿ. ಇನ್ನೊಂದು ಸಲವಾದರೆ ಏಳು ದಿನ. ನಿಯಮ ಎಲ್ಲರಿಗೂ ಒಂದೇ."

ಪುಟಕ್ಕೆ ಬೀಗ ಹಾಕಿ ಆ ಹೆಸರನ್ನು ಒಳಗೇ ಉಳಿಸಿಬಿಡುವ ಅಧಿಕಾರವೂ ಅವಳಿಗಿತ್ತು. ಹೆಬ್ಬೆರಳು ಆ ಗುಂಡಿಯವರೆಗೆ ಹೋಯಿತು. ಹದಿಮೂರು ವರ್ಷದಲ್ಲಿ ಒಂದು ಸಲವೂ ಮಾಡದ್ದನ್ನು ಮಾಡಲು ಮನಸ್ಸು ಒಪ್ಪಲಿಲ್ಲ, ಮಾಡದಿರಲೂ ಒಪ್ಪಲಿಲ್ಲ. ಚುಕ್ಕಿ ಸರಿ. ಟೈಮ್‌ಕೀಪರನೂ ಸರಿ. ಅವಳಿಗೆ ಕೂಗಿ ಅಳಬೇಕೆನಿಸಿತು.

ಬೀಗದ ಗುಂಡಿ ಬಿಟ್ಟು, ನಾಲ್ಕನೇ ಸಲ ಹೆಸರು ಬರೆದು ಒತ್ತಿದಳು.

"ಬನ್ನಿ ಬೇಗ," ಎಂದು ಮಗಳನ್ನು ಕರೆದಳು.

ಮಗಳು ಬಂದು ಬಗ್ಗಿದಳು. ಡ್ರೈವರೂ ಅವಳ ಭುಜದ ಮೇಲಿಂದ ಇಣುಕಿ, ತುಟಿ ಅಲ್ಲಾಡಿಸುತ್ತ ಒಂದೊಂದಾಗಿ ಎಣಿಸಿದ. ಹನ್ನೆರಡಕ್ಕೆ ನಿಲ್ಲಿಸಿದ. ಮಗಳು ಕೊನೆಯ ಹೆಸರಿನ ಕಡೆಗೆ ಬೆರಳು ಚಾಚಿದಳು.

"ಮುಟ್ಟಬೇಡಿ," ಎಂದಳು ಔಷಧಿ ಅಂಗಡಿಯವಳು. "ಪುಟ ಹೊಸದಾದ್ರೆ ಹೋಗಿಬಿಡುತ್ತೆ. ಅಲ್ಲಿ ಆಗ್ಲೇ ತೆಗೆದಿರ್ತಾರೆ. ಈಗ ಈ ಫೋನೊಂದರಲ್ಲಿ ಮಾತ್ರ ಇದೆ."

ಮಗಳು ಬೆರಳು ಹಿಂತೆಗೆದುಕೊಂಡಳು. ಫೋನು ಒಮ್ಮೆ ಗುಂಯ್‌ಗುಟ್ಟಿತು. ಏನು ಬಂದಿರಬೇಕೆಂದು ಔಷಧಿ ಅಂಗಡಿಯವಳಿಗೆ ತಿಳಿದಿತ್ತು. ಇನ್ನು ಏಳು ದಿನ ಅವಳೂ ಓದಬಹುದು, ಅಷ್ಟೇ.

"ನಾಲ್ಕು," ಎಂದು ಒಳಗಿನಿಂದ ಕೂಗಿದರು.

ಡ್ರೈವರ್ ಟೀ ಚೆಲ್ಲಿ ಸ್ಟ್ರೆಚರಿನ ಕಡೆ ಓಡಿದ. ಮಗಳು ಫೋನನ್ನು ಕೇಳಿ ಇಸಕೊಂಡಳು. ತುಂಬಿದ ಬಟ್ಟಲು ಹಿಡಿದವಳಂತೆ ಎರಡೂ ಅಂಗೈ ಮೇಲೆ ಅದನ್ನಿಟ್ಟುಕೊಂಡು ಅಪ್ಪನ ಹಿಂದೆ ನಡೆದಳು. ಪಕ್ಕದಲ್ಲಿ ಔಷಧಿ ಅಂಗಡಿಯವಳು ಹೆಜ್ಜೆ ಹಾಕುತ್ತಿದ್ದಳು. ಬಾಗಿಲ ಹತ್ತಿರ ಬರುವಾಗ ಫೋನಿನ ಪರದೆ ಮಂಕಾಗತೊಡಗಿತು. ಔಷಧಿ ಅಂಗಡಿಯವಳು ಕೈ ಚಾಚಿ, ಅದು ಆರಿಹೋಗದಂತೆ, ಹೆಸರುಗಳಿಲ್ಲದ ಖಾಲಿ ಅಂಚಿನಲ್ಲಿ, ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಮುಟ್ಟಿದಳು.