ಮುಚ್ಚಳ ತೆರೆಯದೆ ಕೊಂಡ ಸೆಂಟು

ಊರು ಕನ್ನೌಜ್. ಗಲ್ಲಿ ಗಲ್ಲಿಯಲ್ಲೂ ಅತ್ತರಿನ ಭಟ್ಟಿ. ಬೆಳಗ್ಗೆ ಬಾಗಿಲು ತೆಗೆದರೆ ಲಾವಂಚದ ಹಬೆ ಮೂಗಿಗೆ ಬಡಿಯುತ್ತದೆ, ಸಂಜೆ ಗಾಳಿ ತಿರುಗಿದರೆ ಕೇದಗೆ. ಇಂಥ ಊರಿನಲ್ಲಿ ಕೂತುಕೊಂಡು ಸರೋಜ್ ಕಟಿಯಾರ್ ಮೊಬೈಲ್ ನೋಡಿ ಸೆಂಟು ತರಿಸಿದಳು!

ತರಿಸಿದ್ದಕ್ಕೆ ಕಾರಣವಿತ್ತು. ರಾಖಿ ಹಬ್ಬಕ್ಕೆ ಕಾನ್ಪುರದಿಂದ ಗಂಡನ ಅಕ್ಕ ಊರ್ಮಿಳಾ ಬರುವವಳಿದ್ದಳು. ಸರೋಜ್ ಅವಳನ್ನು ಜೀಜಿ ಎಂದು ಕರೆಯುತ್ತಿದ್ದಳು. ಜೀಜಿಗೆ ತವರಿನದು ಯಾವುದೂ ಹಿಡಿಸುವುದಿಲ್ಲ. ಹೋದ ವರ್ಷ ತಮ್ಮ ಪ್ರೀತಿಯಿಂದ ಕೊಟ್ಟ ಗೋರಂಟಿ ಅತ್ತರನ್ನು ಎಲ್ಲರೆದುರೇ ಪಕ್ಕಕ್ಕೆ ಸರಿಸಿ, "ಇದು ತಾತಂದಿರು ಹತ್ತೀಲಿ ಅದ್ದಿ ಕಿವಿಗೆ ಸಿಕ್ಕಿಸ್ಕೊಳ್ಳೋದು ಕಣೋ. ನಾನು ಹಾಕ್ಕೊಂಡು ಹೊರಗೆ ಹೋದ್ರೆ ಜನ ನಗ್ತಾರೆ" ಎಂದಿದ್ದಳು. ಆ ಮಾತು ಸರೋಜಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಈ ಸಲ ಜೀಜಿಯ ಬಾಯಿ ಮುಚ್ಚಿಸಬೇಕು ಎಂದು ಕಾಯುತ್ತಿದ್ದವಳಿಗೆ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಕಡುನೀಲಿ ಬಾಟಲಿ, ಚಿನ್ನದ ಬಣ್ಣದ ಮುಚ್ಚಳ. ತೆಳ್ಳಗಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಿ, "ಪ್ಯಾರಿಸ್ಸಿನ ತೋಟದಲ್ಲಿ ನಡೆದ ಹಾಗಿದೆ" ಎನ್ನುತ್ತಿದ್ದಳು. ಸರೋಜ್ ಪ್ಯಾರಿಸ್ಸನ್ನೂ ಕಂಡವಳಲ್ಲ, ಅಲ್ಲಿನ ತೋಟವನ್ನೂ ಕಂಡವಳಲ್ಲ. ಆದರೂ ಬೆರಳು ತಡೆಯಲಿಲ್ಲ.

ಪಾರ್ಸೆಲ್ ಬಂದ ದಿನ ಅತ್ತೆ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸೊಸೆಯ ಸಡಗರ ನೋಡಿ ಕೇಳಿದರು: "ಮೂಸಿ ನೋಡಿದ್ಯೇನೇ?"

"ಮೊಬೈಲಲ್ಲಿ ಹ್ಯಾಗಮ್ಮಾ ಮೂಸೋದು?"

"ಮತ್ತೆ ಚೆನ್ನಾಗಿದೆ ಅಂತ ಹ್ಯಾಗೆ ಗೊತ್ತಾಯ್ತು?"

"ಎಷ್ಟೊಂದು ಜನ ಚೆನ್ನಾಗಿದೆ ಅಂತ ಬರೆದಿದ್ದಾರೆ ನೋಡಿ."

"ಬರೀಲಿ ಬಿಡು. ಅವರ ಮೂಗು ನಮ್ಮ ಮುಖದ ಮೇಲೆ ಇದ್ಯಾ?"

ಸರೋಜಳಿಗೆ ನಗು ಬಂತು. ಆದರೆ ಬಾಟಲಿಯ ಮೇಲಿನ ಪ್ಲಾಸ್ಟಿಕ್ ಹರಿಯಲಿಲ್ಲ. ಉಡುಗೊರೆ ಕೊಡುವ ವಸ್ತುವಿನ ಸೀಲ್ ಒಡೆಯುವುದು ಹೇಗೆ?

ರಾಖಿಯ ದಿನ ಜೀಜಿ ಬಂದಳು. ತಮ್ಮನ ಕೈಗೆ ರಾಖಿ ಕಟ್ಟಿದಳು. ಪೂರಿ, ಕುಂಬಳಕಾಯಿ ಪಲ್ಯ, ಖೀರು ಎಲ್ಲ ಮುಗಿಯಿತು. ಸರೋಜ್ ಪೆಟ್ಟಿಗೆಯನ್ನು ಮುಂದಿಟ್ಟಾಗ ಜೀಜಿಯ ಮುಖ ಅರಳಿತು.

"ಈಗ ಬುದ್ಧಿ ಬಂತು ನಿಮಗೆ!" ಎಂದು ಅಲ್ಲೇ ಪೆಟ್ಟಿಗೆ ಬಿಚ್ಚಿದಳು. ಕುತ್ತಿಗೆಗೆ ಹೊಡೆದುಕೊಂಡಳು. ಮಣಿಕಟ್ಟಿಗೆ, ಸೀರೆಗೆ. ಅಷ್ಟಕ್ಕೆ ಸಾಲದೆ ತಾಯಿಯ ಸೆರಗು ಹಿಡಿದು, "ಅಮ್ಮಾ, ನೀನೂ ಒಂಚೂರು ಪ್ಯಾರಿಸ್ ನೋಡು" ಎಂದು ಅಲ್ಲಿಗೂ ಬುಸ್ಸೆನಿಸಿದಳು.

ಮೊದಲ ಉಸಿರಿಗೆ ಸಕ್ಕರೆ ಪಾಕದ ವಾಸನೆ ಬಂತು. ಎರಡನೆಯದಕ್ಕೆ ಆಗತಾನೇ ಬಣ್ಣ ಬಳಿದ ಬಾಗಿಲು. ಆಮೇಲೆ ಉಳಿದದ್ದು ಕಕ್ಕಸಿಗೆ ಸುರಿದ ಫಿನಾಯಿಲಿನ ಘಾಟು. ಕಿಟಕಿ ತೆರೆದರೂ ಹೋಗಲಿಲ್ಲ. ಶ್ರಾವಣದ ಆ ಸೆಕೆಗೆ ಗಾಳಿಯೇ ನಿಂತಿತ್ತು.

"ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತೆ, ಫಾರಿನ್ ಸೆಂಟು ಹಾಗೇನೇ" ಎಂದು ಜೀಜಿ ಹೇಳುತ್ತಿರುವಾಗಲೇ ಅತ್ತೆ ಕೆಮ್ಮತೊಡಗಿದರು. ಅವರಿಗೆ ಹಿಂದಿನಿಂದಲೂ ಉಬ್ಬಸ. ಕೆಮ್ಮು ಹೆಚ್ಚಾಗಿ, ಎದೆಯಿಂದ ಸೀಟಿ ಊದಿದಂತೆ ಸದ್ದು ಬಂತು. ಸೆರಗನ್ನು ಕಿತ್ತುಹಾಕಲು ನೋಡಿದರು, ಆಗಲಿಲ್ಲ. ತುಟಿ ನೀಲಿಗಟ್ಟಿತು.

"ಅಮ್ಮಾ! ಅಮ್ಮಾ!" ಎಂದು ಸರೋಜ್ ಅತ್ತೆಯ ಸೀರೆ ಬಿಚ್ಚಿ ಎಸೆದು, ಹಾಸಿಗೆಯ ಚಾದರ ಸುತ್ತಿ, ಗಂಡನೊಂದಿಗೆ ಅವರನ್ನು ಎತ್ತಿ ಇ-ರಿಕ್ಷಾದಲ್ಲಿ ಕೂರಿಸಿದಳು. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕ್ ಇಟ್ಟು ಮದ್ದಿನ ಹಬೆ ಕೊಟ್ಟ ಮೇಲೆಯೇ ಆ ಮುದುಕಿಯ ಉಸಿರು ಹದಕ್ಕೆ ಬಂದದ್ದು.

"ಉಬ್ಬಸ ಇರೋರ ಮೈಮೇಲೆ ಗೊತ್ತಿಲ್ಲದ ಸೆಂಟು ಹೊಡೀತಾರೇನ್ರಿ?" ಎಂದು ಡಾಕ್ಟರಮ್ಮ ಗದರಿದರು. "ಇನ್ನೊಂದು ಸ್ವಲ್ಪ ತಡ ಆಗಿದ್ರೆ?"

ಸರೋಜ್ ತಲೆ ತಗ್ಗಿಸಿ ನಿಂತಳು. ಮನೆಗೆ ಬಂದಾಗ ಜೀಜಿಯ ಕುತ್ತಿಗೆಯ ಸುತ್ತ ಕೆಂಪು ಬರೆ ಎದ್ದಿತ್ತು.

"ಬೆವರುಗುಳ್ಳೆ" ಎಂದಳು ಜೀಜಿ, ಕೆರೆದುಕೊಳ್ಳುತ್ತಾ.

ಮರುದಿನ ಸರೋಜ್ ಆ ಸೆಂಟು ಮಾರಿದವರಿಗೆ ಫೋನ್ ಮಾಡಿದಳು. ಜೇನಿನಂಥ ಗಂಟಲಿನ ಒಬ್ಬಳು ಎತ್ತಿಕೊಂಡಳು.

"ಮೇಡಂ, ಸೀಲ್ ಒಡೆದ ಬಾಟಲಿ ನಾವು ವಾಪಸ್ ತಗೊಳ್ಳಲ್ಲ."

"ಸೀಲ್ ಒಡೀದೆ ವಾಸನೆ ಹ್ಯಾಗಮ್ಮಾ ನೋಡ್ಲಿ?"

"ಅದು ನಮ್ಮ ನಿಯಮ ಮೇಡಂ."

"ಅಂದ್ರೆ ಕೆಟ್ಟದು ಅಂತ ಗೊತ್ತಾಗ್ಬೇಕಾದ್ರೆ ಒಡೀಬೇಕು. ಒಡೆದ್ರೆ ಅದು ನನ್ನ ತಲೆಗೆ! ಇದು ವ್ಯಾಪಾರಾನಾ, ಬಲೆನಾ?"

"ಸುವಾಸನೆ ಅವರವರ ಅಭಿರುಚಿ ಮೇಡಂ. ಕೆಲವರಿಗೆ ಹಿಡಿಸಲ್ಲ."

"ನಮ್ಮತ್ತೆ ಉಸಿರು ನಿಂತುಹೋಗ್ತಿತ್ತು ಕಣೇ! ಅದೂ ಅಭಿರುಚೀನಾ?"

ಆ ಕಡೆ ಸಂಗೀತ ಶುರುವಾಯಿತು. ಸಂಗೀತ ಮುಗಿಯುವ ಹೊತ್ತಿಗೆ ಫೋನ್ ಕಟ್ಟಾಯಿತು. ಸರೋಜಳ ಮೈಯೆಲ್ಲ ಉರಿಯಿತು. ಕೊಂಡವಳು ತಾನು, ನರಳಿದವರು ಅತ್ತೆ, ಬೈಗುಳ ತಿಂದದ್ದು ತಾನು. ಮಾರಿದವನ ಕೂದಲೂ ಕೊಂಕಲಿಲ್ಲ!

ಸಂಜೆ ಎದುರುಮನೆಯ ಖಮರ್ ಜಹಾನ್ ಅತ್ತೆಯನ್ನು ನೋಡಲು ಬಂದಳು. ಬಜಾರಿನಲ್ಲಿ ಅವಳದೇ ದೊಡ್ಡ ಅತ್ತರ್ ಅಂಗಡಿ. ಗಲ್ಲಿಯವರೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ಬಾಟಲಿಯ ಮುಚ್ಚಳವನ್ನಷ್ಟೇ ದೂರ ಹಿಡಿದು ಮೂಸಿ, ತಟ್ಟನೆ ಕೆಳಗಿಟ್ಟಳು.

"ಹೂ ಕೊಳ್ಳೋವಾಗ ಬುಟ್ಟಿ ಬುಟ್ಟಿ ತಿರುಗಿಸ್ತೀಯ. ಕಲ್ಲಂಗಡಿ ಆದ್ರೆ ತಟ್ಟಿ ನೋಡ್ತೀಯ. ಮೈಗೆ ಹಾಕ್ಕೊಳ್ಳೋದನ್ನ ಮಾತ್ರ ಫೋಟೋ ನೋಡಿ ತರಿಸಿದ್ಯಾ ಸರೋಜ್?"

"ಉಗೀರಿ ಆಪಾ. ನನಗೆ ಆಗ್ಬೇಕಾದ್ದೇ."

ಜೀಜಿಗೆ ಮಾತು ತಡೆಯಲಿಲ್ಲ. "ನಿಮ್ಮ ವ್ಯಾಪಾರ ಹೋಗುತ್ತೆ ಅಂತ ನೀವು ಹೇಳ್ತೀರಿ. ಇದು ಡೂಪ್ಲಿಕೇಟ್ ಬಂದಿದೆ ಅಷ್ಟೇ. ಒಳ್ಳೆ ಅಂಗಡೀಲಿ ಸೀಲ್ ಮಾಲು ತಗೊಂಡ್ರೆ ಇದೆಲ್ಲ ಆಗಲ್ಲ."

"ನಮ್ಮ ಅತ್ತರನ್ನೂ ಮೂಸದೆ ಕೊಳ್ಳಬೇಡಿ ಅಂತಲೇ ನಾನು ಹೇಳೋದು ಊರ್ಮಿಳಾ. ಕನ್ನೌಜ್ ಅಂತ ಚೀಟಿ ಅಂಟಿಸಿ ಎಣ್ಣೆಗೆ ಕೆಮಿಕಲ್ ಬೆರೆಸಿ ಮಾರೋರು ನಮ್ಮ ಬಜಾರಲ್ಲೇ ಇದ್ದಾರೆ. ನನ್ನ ಅಂಗಡಿ ಅಂತ ಕಣ್ಮುಚ್ಚಿ ಕೊಳ್ಳಬೇಡಿ. ಅಸಲಿ ಆದ್ರೂ ಅಷ್ಟೇ. ನನಗೆ ಮಲ್ಲಿಗೆ ಅಂದ್ರೆ ಪ್ರಾಣ, ನನ್ನ ತಂಗಿಗೆ ಅದೇ ಮಲ್ಲಿಗೆ ತಲೆನೋವು. ಯಾರ ಮೈಗೆ ಏನು ಒಗ್ಗುತ್ತೆ ಅಂತ ಪೆಟ್ಟಿಗೆ ಮೇಲೆ ಬರೆಯೋಕಾಗುತ್ತಾ?"

ಜೀಜಿ ಒಪ್ಪಲಿಲ್ಲ. "ನಾಳೆ ನಾನೇ ಕೊಂಡು ತೋರಿಸ್ತೀನಿ" ಎಂದಳು.

ಮಾತು ಕೊಟ್ಟಂತೆ ಮರುದಿನ ಸರೋಜಳನ್ನು ಎಳೆದುಕೊಂಡು ಹೊರಟಳು. ಬಸ್ ನಿಲ್ದಾಣದ ಬಳಿ ಹೊಸದಾಗಿ ತೆರೆದ, ಗಾಜಿನ ಬಾಗಿಲಿನ ಸೆಂಟಿನ ಅಂಗಡಿ. ಒಳಗೆ ತಣ್ಣನೆಯ ಗಾಳಿ, ಗೋಡೆ ತುಂಬ ಬಾಟಲಿ. ಜೀಜಿ ಒಂದು ಗುಲಾಬಿ ಪೆಟ್ಟಿಗೆಯನ್ನು ಎತ್ತಿಕೊಂಡಳು.

"ಇದನ್ನ ಸ್ವಲ್ಪ ತೋರಿಸಿ" ಎಂದಳು ಸರೋಜ್.

"ತೋರಿಸೋದೇನು ಬೆಹನ್‌ಜೀ, ಕೈಲೇ ಇದೆಯಲ್ಲ" ಎಂದ ಅಂಗಡಿಯವನು.

"ವಾಸನೆ ತೋರಿಸಿ."

"ಸೀಲ್ ಮಾಲು. ಒಡೆದ್ರೆ ಕೊಳ್ಳಲೇಬೇಕು."

ಸರೋಜಳ ಎದೆಯಲ್ಲಿ ನಿನ್ನೆಯಿಂದ ಕುದಿಯುತ್ತಿದ್ದದ್ದು ಉಕ್ಕಿ ಬಂತು. "ಚಪ್ಪಲಿ ಕೊಳ್ಳೋವಾಗ ಕಾಲಿಗೆ ಹಾಕಿ ನೋಡ್ತೀವಿ. ಬಳೆ ಕೊಳ್ಳೋವಾಗ ಕೈಗೆ ಹಾಕಿ ನೋಡ್ತೀವಿ. ಮೂಗಿಗೆ ಅಂತ ಮಾರೋದನ್ನ ಮೂಗಿಗೆ ತೋರಿಸಲ್ಲ ಅಂದ್ರೆ ಏನ್ರಿ ಅರ್ಥ?"

"ಕಂಪನಿ ಮಾಲು, ಎಲ್ಲರೂ ಹೀಗೇ ತಗೋತಾರೆ."

"ನೀವು ಮೂಸಿದ್ದೀರಾ?"

"ನಾನ್ಯಾಕೆ ಮೂಸ್ಲಿ? ಮಾರೋದು ನನ್ನ ಕೆಲಸ."

ಅಂಗಡಿಯಲ್ಲಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಸೊಸೆಗೆಂದು ಸೆಂಟು ಕೊಳ್ಳಲು ಬಂದಿದ್ದ ಒಬ್ಬ ಯಜಮಾನರು ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ನಮಗೂ ಮೂಸಿಸಿ ಭಯ್ಯಾ. ಇಲ್ಲಾಂದ್ರೆ ನಮಗೂ ಬೇಡ" ಎಂದರು.

ಅಂಗಡಿಯವನ ಮುಖ ಸಣ್ಣದಾಯಿತು. ಸಿಡುಕುತ್ತಲೇ ಅಂಥದ್ದೇ ಇನ್ನೊಂದು ಗುಲಾಬಿ ಪೆಟ್ಟಿಗೆ ಒಡೆದು, ತನ್ನ ಕೈಮೇಲೆಯೇ ಹೊಡೆದುಕೊಂಡು ಮೂಗಿಗೆ ಹಿಡಿದ. ಹಿಡಿದವನು ಮುಖ ಕಿವುಚಿ, ಮೂರು ಸಲ ಸೀನಿದ. ಅಂಗಡಿಯೆಲ್ಲ ನಕ್ಕಿತು.

ಜೀಜಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದಳು. ಕುತ್ತಿಗೆ ಇನ್ನೂ ಉರಿಯುತ್ತಿತ್ತು.

"ಇದನ್ನೂ ಮನೆಗೆ ಒಯ್ದು ಅಮ್ಮನ ಪಕ್ಕ ಕೂತು ಒಡೀತಿದ್ದೆ ಕಣೇ ಸರೋಜ್" ಎಂದಳು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಅಮ್ಮನ ಸೆರಗಿಗೆ ಹೊಡೆದಿದ್ದು ನಾನೇ ಅಲ್ವಾ?"

"ಕೊಂಡು ತಂದಿದ್ದು ನಾನು ಜೀಜಿ. ಬನ್ನಿ, ಆಪಾ ಅಂಗಡಿಗೆ ಹೋಗೋಣ."

ಖಮರ್ ಆಪಾ ಒಂದೇ ಸಲಕ್ಕೆ ಎಲ್ಲ ಬಾಟಲಿ ತೆರೆಯಲಿಲ್ಲ. "ಮೂರಕ್ಕಿಂತ ಹೆಚ್ಚು ಬೇಡ, ಮೂಗು ಸೋತುಹೋಗುತ್ತೆ" ಎಂದು ಕಾಗದದ ಪಟ್ಟಿಗಳಿಗೆ ಅದ್ದಿ ಕೊಟ್ಟಳು. ಮೊದಲ ವಾಸನೆಗೆ ಮರುಳಾಗಬೇಡ, ಅದು ಹಾರಿಹೋದ ಮೇಲೆ ಉಳಿಯುವುದೇ ನಿಜವಾದದ್ದು ಎಂದಳು. ಜೀಜಿಗೆ ಕೇದಗೆ ಹಿಡಿಸಿತು. "ಕೊಡಿ" ಎಂದು ಕೈಚೀಲ ತೆಗೆದಳು. ಆಪಾ ಕೊಡಲಿಲ್ಲ!

"ಕುತ್ತಿಗೆ ಹೀಗಿರೋವಾಗ ಬೇಡವೇ ಬೇಡ. ಮೊದಲು ಆ ಬರೆ ವಾಸಿಯಾಗ್ಲಿ, ಡಾಕ್ಟರಿಗೆ ತೋರಿಸು. ಆಮೇಲೆ ಮೊಣಕೈ ಒಳಗಡೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಪೂರ್ತಿ ಕಾಯಿ. ಉರಿ, ತುರಿಕೆ, ತಲೆನೋವು ಏನೂ ಇಲ್ಲಾಂದ್ರೆ ಬಾ. ಅಲ್ಲೀವರೆಗೆ ಈ ಕಾಗದದ ಪಟ್ಟಿ ಇಟ್ಕೊಂಡಿರು, ಸಂಜೆಗೂ ಇಷ್ಟ ಆಗುತ್ತಾ ನೋಡು."

ಸಂಜೆ ಜೀಜಿ ಆ ಪಟ್ಟಿಯನ್ನು ಇನ್ನೊಮ್ಮೆ ಮೂಸಿ ಮೂಗು ಮುರಿದಳು. "ಬೆಳಗ್ಗೆ ಎಷ್ಟು ಚೆನ್ನಾಗಿತ್ತು. ಈಗ ಯಾಕೋ ಬೇಡ ಅನಿಸ್ತಿದೆ."

ಮಂಚದ ಮೇಲೆ ದಿಂಬಿಗೆ ಒರಗಿದ್ದ ಅತ್ತೆ ಮೆಲ್ಲಗೆ ನಕ್ಕರು. "ಬೇಡ ಅನ್ನೋದಕ್ಕೆ ಒಂದು ಅವಕಾಶ ಸಿಕ್ತಲ್ಲ ಮಗಳೇ. ಅದೇ ದೊಡ್ಡದು."

ಜೀಜಿ ಏನನ್ನೂ ಕೊಳ್ಳದೆ ಕಾನ್ಪುರಕ್ಕೆ ಹೊರಟಳು. ಹೊರಡುವ ಮುನ್ನ ಅತ್ತಿಗೆ ನಾದಿನಿಯರಿಬ್ಬರೂ ಕೂತು ಗ್ರಾಹಕರ ಸಹಾಯವಾಣಿಗೆ ಕರೆ ಮಾಡಿ, ನಡೆದದ್ದೆಲ್ಲ ಹೇಳಿ ದೂರು ಬರೆಸಿದರು. ಮಾತನಾಡಿದ್ದು ಜೀಜಿಯೇ. ಗಲ್ಲಿಯ ಆ ತುದಿಗೂ ಕೇಳಿಸುವ ಹಾಗೆ ಮಾತನಾಡಿದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವೂ ಹೀಗೆ ಚಿತ್ರ ನೋಡಿ ಸೆಂಟು ತರಿಸಿದ್ದೀರಾ? ಮೂಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಮೊಬೈಲಿನಲ್ಲೇ ತರಿಸಬೇಕೆಂದರೆ ಮೊದಲು ಸಣ್ಣ ಸ್ಯಾಂಪಲ್ ತರಿಸಿ, ವಾಪಸ್ ತೆಗೆದುಕೊಳ್ಳುತ್ತಾರೋ ಇಲ್ಲವೋ ಹಣ ಕೊಡುವ ಮುಂಚೆಯೇ ಓದಿ. ಚರ್ಮದ ಮೇಲೆ ಪರೀಕ್ಷಿಸದೆ ಹಚ್ಚಿಕೊಳ್ಳಬೇಡಿ. ಉಬ್ಬಸ ಇರುವವರ, ಬಸುರಿಯರ, ಎಳೆಮಕ್ಕಳ ಹತ್ತಿರ ಅಂತೂ ಹೊಡೆಯಲೇಬೇಡಿ. ಯಾರಿಗಾದರೂ ಉಡುಗೊರೆ ಕೊಡುವುದಾದರೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಮೋಸವಾದರೆ ನಾಚಿಕೊಂಡು ಬಾಯಿ ಮುಚ್ಚಿ ಕೂರಬೇಡಿ, 1915ಕ್ಕೆ ಕರೆ ಮಾಡಿ ದೂರು ಕೊಡಿ. ನಾಚಬೇಕಾದವರು ನೀವಲ್ಲ, ನಿಮ್ಮ ಮೂಗಿಗೆ ಬೀಗ ಹಾಕಿ ಮಾರುವವರು. "ಮುಚ್ಚಳ ತೆಗೀರಿ, ಮೂಸಿ ನೋಡ್ತೀನಿ" ಎಂದು ಗಟ್ಟಿಯಾಗಿ ಕೇಳಿ. ನಾಳೆ ಅಂಗಡಿಗೆ ಹೋದಾಗಲೇ ಕೇಳಿ.